ಅಕ್ಕನ ಬಲಗಾಲಿನ ಬೂಟು

ದೊಡ್ಡ ಕಟ್ಟಡವೊಂದರ ಮೆಟ್ಟಿಲ ಕೆಳಗೆ, ಬೇರೆ ಯಾರಿಗೂ ಬೇಡವಾದ ಜಾಗದಲ್ಲಿ ಆ ಬೂಟು ರಿಪೇರಿ ಅಂಗಡಿ ಇತ್ತು. ಒಳಗೆ ಕೂತು ಕೈ ಚಾಚಿದರೆ ಎಡಗೋಡೆಯ ಮೊಳೆಡಬ್ಬಿಯೂ ಸಿಗುತ್ತಿತ್ತು, ಬಲಗೋಡೆಯ ದಾರದುಂಡೆಯೂ ಸಿಗುತ್ತಿತ್ತು. ಎದ್ದು ನಿಂತರೆ ಮಾತ್ರ ತಲೆ ಮೆಟ್ಟಿಲಿಗೆ ಬಡಿಯುತ್ತಿತ್ತು. ಆದ್ದರಿಂದ ಮೇಸ್ತ್ರಿ ಬೆಳಿಗ್ಗೆ ಕೂತರೆ ಮಧ್ಯಾಹ್ನದ ಊಟಕ್ಕೇ ಏಳುತ್ತಿದ್ದದ್ದು. ತಲೆಯ ಮೇಲೆ ಜನ ಹತ್ತಿ ಇಳಿಯುವ ಸದ್ದು ಕೇಳಿ, ಯಾರ ಹಿಮ್ಮಡಿ ಎಷ್ಟು ಸವೆದಿದೆ ಎಂದು ಮುಖ ನೋಡದೆಯೇ ಹೇಳುತ್ತಿದ್ದ. "ಮೂರನೇ ಮಹಡಿ ವಕೀಲರು ಇಳೀತಿದ್ದಾರೆ. ಎಡಗಾಲಿನ ಬೂಟು ಇನ್ನು ಹದಿನೈದು ದಿನ, ಆಮೇಲೆ ತಾನೇ ನಡ್ಕೊಂಡು ನನ್ನ ಹತ್ರ ಬರುತ್ತೆ" ಎನ್ನುತ್ತಿದ್ದ. ಕಾಯುತ್ತ ನಿಂತವರು ನಗುತ್ತಿದ್ದರು. ಎಲ್ಲರ ಬಾಯಲ್ಲೂ ಅವನು ನಗೆಮೇಸ್ತ್ರಿ.

ಅವನಿಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದದ್ದು ನಲವತ್ತಾರನೆಯ ವಯಸ್ಸಿನಲ್ಲಿ. ಆ ದಿನವೂ ನಕ್ಕನಂತೆ. "ಡಾಕ್ಟ್ರೇ, ನನ್ನ ಬಾಯಲ್ಲಿ ಸಿಹಿ ಇದೆ ಅಂತ ಹೆಂಡ್ತಿ ಇಷ್ಟು ವರ್ಷದಲ್ಲಿ ಒಂದು ದಿನಾನೂ ಒಪ್ಪಿಲ್ಲ. ರಕ್ತದಲ್ಲಾದ್ರೂ ಇದೆಯಲ್ಲ, ಒಂದು ಚೀಟಿ ಬರ್ಕೊಡಿ, ತೋರಿಸ್ತೀನಿ" ಎಂದನಂತೆ. ಡಾಕ್ಟರು ನಕ್ಕರಂತೆ, ನರ್ಸು ನಕ್ಕಳಂತೆ, ಪಕ್ಕದಲ್ಲಿದ್ದ ಹೆಂಡತಿ ಮಾತ್ರ ಸೆರಗಿನಿಂದ ಮುಖ ಒರೆಸಿಕೊಂಡಳಂತೆ. ಇಂಥ ರೋಗಿಯೇ ಬೇಕು ಎಂದು ಡಾಕ್ಟರು ಬೆನ್ನು ತಟ್ಟಿ ಕಳಿಸಿದರು. ನಗುನಗುತ್ತಾ ಇದ್ದರೆ ಅರ್ಧ ಕಾಯಿಲೆ ವಾಸಿ ಎಂದು ಹೇಳುವವರು ಎಲ್ಲ ಊರಿನಲ್ಲೂ ಇರುತ್ತಾರೆ. ಹೇಳುವವರ ಗಂಟೇನು ಹೋಗುತ್ತದೆ? ಮಿಕ್ಕ ಅರ್ಧದ ಮಾತನ್ನು ಅವರು ಎತ್ತುವುದೇ ಇಲ್ಲ.

ಅವನು ನಕ್ಕದ್ದಕ್ಕೆ ಬೇರೆಯೇ ಕಾರಣವಿತ್ತು. ಅದು ಅಕ್ಕ.

ಅಕ್ಕ ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡಾಗ ಇವನಿನ್ನೂ ಐದು ವರ್ಷದವನು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿ ಇವನನ್ನು ಸಾಕಿದಳು, ಬೂಟು ಹೊಲಿಯುವ ಕೆಲಸಕ್ಕೆ ಹಚ್ಚಿದಳು, ಮದುವೆ ಮಾಡಿದಳು. ಅವಳದೂ ಒಂದು ಮದುವೆ ಆಯಿತು, ಮೂರು ವರ್ಷದಲ್ಲಿ ಗಂಡ ಹೋದ, ಮಕ್ಕಳಿಲ್ಲ. ಮತ್ತೆ ಅದೇ ಲಾಂಡ್ರಿ, ಅದರ ಹಿಂದಿನ ಒಂದೇ ಕೋಣೆ. ಅವಳು ಮಡಿಸಿದ ಬಟ್ಟೆಯ ಅಂಚು ಕತ್ತಿಯಲ್ಲಿ ಕೊಯ್ದ ಹಾಗಿರುತ್ತಿತ್ತು. ಕರವಸ್ತ್ರವನ್ನೂ ಹಾಗೆಯೇ ಮಡಿಸುತ್ತಿದ್ದಳು, ಒಲೆ ಒರೆಸುವ ಬಟ್ಟೆಯನ್ನೂ ಹಾಗೆಯೇ. "ಅಕ್ಕಾ, ಒರೆಸೋ ಬಟ್ಟೆಗೆ ಯಾರು ಹೆಣ್ಣು ನೋಡೋಕೆ ಬರ್ತಾರೆ?" ಎಂದು ತಮ್ಮ ರೇಗಿಸುತ್ತಿದ್ದ.

ಅವನಿಗಿಂತ ಏಳು ವರ್ಷ ಮೊದಲೇ ಅವಳಿಗೆ ಈ ಕಾಯಿಲೆ ಬಂದಿತ್ತು. ಬಂದಾಗ ಅವಳು ನಗಲಿಲ್ಲ. ಅವರ ಅಮ್ಮ ಸತ್ತದ್ದು ಇದೇ ಕಾಯಿಲೆಯಲ್ಲಿ. ಅಮ್ಮನ ಕಣ್ಣು ಹೋದದ್ದನ್ನು, ಕೊನೆಕೊನೆಗೆ ಗೋಡೆ ತಡವಿಕೊಂಡು ನಡೆದದ್ದನ್ನು ಅವಳು ಕಂಡಿದ್ದಳು. ಗೋಡೆಗೆ ಮುಖ ಮಾಡಿ ಮಲಗಿದ ಅಕ್ಕ ಎರಡು ತಿಂಗಳು ಏಳಲಿಲ್ಲ. ಮಾತ್ರೆ ನುಂಗುತ್ತಿರಲಿಲ್ಲ, ಕೊಟ್ಟದ್ದನ್ನು ತಿನ್ನುತ್ತಿರಲಿಲ್ಲ. "ನನ್ನನ್ನ ಬಿಟ್ಬಿಡೋ ಪುಟ್ಟಾ" ಎನ್ನುವುದೊಂದೇ ಮಾತು. ಪುಟ್ಟನಿಗೆ ಆಗ ಎರಡು ಮಕ್ಕಳು, ತಲೆಯಲ್ಲಿ ಬಿಳಿಕೂದಲು. ಆದರೂ ಆ ಮಾತು ಕೇಳಿದಾಗೆಲ್ಲ ಐದು ವರ್ಷದವನ ಹಾಗೆ ಅವನ ಕೈಕಾಲು ತಣ್ಣಗಾಗುತ್ತಿತ್ತು. ಹೇಗಾದರೂ ಮಾಡಿ ಇವಳನ್ನು ಏಳಿಸಬೇಕು ಎಂದು ದಿನಾ ಅಂಗಡಿಯ ಒಂದೊಂದು ಕಥೆ ಹೊತ್ತು ತರತೊಡಗಿದ. ಒಂದು ಕಾಲಿಗೆ ಕಪ್ಪು, ಇನ್ನೊಂದಕ್ಕೆ ಕಂದು ಬೂಟು ಹಾಕಿಕೊಂಡು ಆಫೀಸಿಗೆ ಹೋದ ಗುಮಾಸ್ತನ ಕಥೆಗೆ ಅವಳು ಮೊದಲ ಸಲ ನಕ್ಕಳು. ನಕ್ಕು, ಎದ್ದು ಕೂತು, ಹಸಿವಾಗ್ತಿದೆ ಎಂದಳು. ನಗುವೇ ಅಕ್ಕನ ಔಷಧಿ ಎಂದು ಅವನ ತಲೆಯಲ್ಲಿ ಅಂದೇ ಕೂತುಬಿಟ್ಟಿತು. ಮುಂದೆ ತನಗೂ ಕಾಯಿಲೆ ಬಂದಾಗ ಓಡಿಬಂದು ಹೇಳಿದ್ದೂ ಹಾಗೆಯೇ: "ಅಕ್ಕಾ, ನಿನಗೊಬ್ಬ ಜೊತೆಗಾರ ಸಿಕ್ಕಿದ!"

ಅಂದಿನಿಂದ ಬೆಳಗಿನ ನಡಿಗೆ ಶುರುವಾಯಿತು. ನೀರಿನ ಟ್ಯಾಂಕಿನ ಮೈದಾನಕ್ಕೆ ನಾಲ್ಕು ಸುತ್ತು. ಅದಕ್ಕೊಂದು ಕಾನೂನು ಮಾಡಿದವನೂ ಅವನೇ: ನಡೆಯುವಾಗ ಕಾಯಿಲೆಯ ಮಾತು ಎತ್ತಬಾರದು, ಎತ್ತಿದವರು ಇನ್ನೊಂದು ಸುತ್ತು ಒಬ್ಬರೇ ಹಾಕಬೇಕು. ಮೊದಲ ವಾರ ಅಕ್ಕ ಎರಡು ಸಲ ದಂಡದ ಸುತ್ತು ಹಾಕಿದಳು. ತಮ್ಮ ಕಟ್ಟೆಯ ಮೇಲೆ ಕೂತು ಚಪ್ಪಾಳೆ ತಟ್ಟಿದ. ಆಮೇಲೆ ಯಾರೂ ಹಾಕಲಿಲ್ಲ. ಕಾನೂನು ಮೈದಾನ ದಾಟಿ ಮನೆಗೂ ಬಂತು, ಕೋಣೆಗೂ ಬಂತು, ಆಸ್ಪತ್ರೆಯ ಸಾಲಿನಲ್ಲೂ ಅವರ ಜೊತೆ ಬಂದು ಕೂತಿತು. ಎಂಟು ವರ್ಷ ಆ ಅಕ್ಕತಮ್ಮಂದಿರು ಮೈಯಲ್ಲಿ ಏನಾಗುತ್ತಿದೆ ಎಂದು ಒಬ್ಬರಿಗೊಬ್ಬರು ಒಂದು ಮಾತೂ ಹೇಳಿಕೊಳ್ಳಲಿಲ್ಲ. ನೋಡಿದವರು ಹೊಟ್ಟೆಕಿಚ್ಚು ಪಡುವಷ್ಟು ಖುಷಿಯಾಗಿ ನಡೆದರು.

ಇನ್ನು ಅವನ ಕೆಲಸದ ರೀತಿ. ಹಿಮ್ಮಡಿ ಹೊಡೆದ ಬೂಟನ್ನು ಅವನು ಹಾಗೆಯೇ ಕೊಟ್ಟವನಲ್ಲ. ಕೈ ಒಳಗೆ ತೂರಿಸಿ ಬೆರಳ ತುದಿಯಿಂದ ಮೂರು ಸಲ ಸವರಿ, ಮೊಳೆಯ ಮೂತಿ ಎಲ್ಲಾದರೂ ಮೇಲೆದ್ದಿದೆಯೇ ಎಂದು ನೋಡಿಯೇ ಕೊಡುತ್ತಿದ್ದ. ಆತುರ ಮಾಡಿದವರಿಗೆ, "ಸ್ವಲ್ಪ ತಡೀರಿ ಸ್ವಾಮಿ, ಚುಚ್ಚೋದಿದ್ರೆ ಮೊದಲು ನನ್ನ ಕೈಗೆ ಚುಚ್ಚಲಿ" ಎನ್ನುತ್ತಿದ್ದ. ಮೂವತ್ತು ವರ್ಷದಲ್ಲಿ ಯಾರ ಕಾಲಿಗೂ ಅವನ ಮೊಳೆ ಚುಚ್ಚಿರಲಿಲ್ಲ.

ಒಂದು ವರ್ಷದಿಂದ ಆ ಬೆರಳುಗಳು ಬದಲಾಗಿದ್ದವು. ಮೊದಲು ಇರುವೆ ಹರಿದ ಹಾಗಾಯಿತು. ಆಮೇಲೆ ಅದೂ ನಿಂತಿತು. ಕೈಗೆ ತೆಳ್ಳನೆಯ ಬಟ್ಟೆ ಸುತ್ತಿದಂತೆ, ಮುಟ್ಟಿದ್ದೆಲ್ಲ ದೂರದಲ್ಲಿದ್ದಂತೆ. ಒಂದು ಸಂಜೆ ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿದ. ಹೆಂಡತಿ ಕಿರುಚಿದಳು.

"ಬೆರಳಿಗೆ ಬೊಬ್ಬೆ ಬಂದಿದೆ, ನಿಮಗೆ ಗೊತ್ತಾಗ್ಲಿಲ್ವಾ?"

"ನಿನ್ನ ಮಾತಿನ ಬಿಸಿ ಅಭ್ಯಾಸ ಆಗಿರೋನಿಗೆ ಪಾತ್ರೆ ಬಿಸಿ ಯಾವ ಲೆಕ್ಕ?"

"ತಮಾಷೆ ಸಾಕು. ಡಾಕ್ಟರಿಗೆ ತೋರಿಸಿ."

"ತೋರಿಸ್ತೀನಿ, ತೋರಿಸ್ತೀನಿ" ಎಂದವನು ತೋರಿಸಲಿಲ್ಲ. ತೋರಿಸಿದರೆ ಕೆಲಸ ಬಿಡು ಎನ್ನುತ್ತಾರೆ. ಕೆಲಸ ಬಿಟ್ಟರೆ ಅಕ್ಕನಿಗೆ ಗೊತ್ತಾಗುತ್ತದೆ. ತಮ್ಮನಿಗೂ ಅಮ್ಮನ ಗತಿಯೇ ಎಂದು ಗೊತ್ತಾದರೆ ಅವಳು ಮತ್ತೆ ಗೋಡೆಗೆ ತಿರುಗುತ್ತಾಳೆ. ಅವನ ತರ್ಕ ಅಷ್ಟೇ. ಹೆಡ್ಡತನವೆಂದು ನಾವು ಈಗ ಆರಾಮಾಗಿ ಹೇಳಬಹುದು. ಬೂಟಿನೊಳಗೆ ಕೈ ಹಾಕುವುದನ್ನು ಮಾತ್ರ ಅವನು ಬಿಡಲಿಲ್ಲ. ಮೊದಲಿನಂತೆಯೇ ಮೂರು ಸಲ ಸವರುತ್ತಿದ್ದ, ಮೊದಲಿನಂತೆಯೇ ಅದೇ ಮಾತು ಹೇಳುತ್ತಿದ್ದ. ಬೆರಳಿಗೆ ಏನೂ ಸಿಗದಿದ್ದರೆ ಅಲ್ಲಿ ಏನೂ ಇಲ್ಲ ಎಂದೇ ನಂಬುತ್ತಿದ್ದ. ಅನುಮಾನ ಬಂದಾಗ ಟಾರ್ಚು ಹಾಕಿ ನೋಡುತ್ತಿದ್ದ. ಅನುಮಾನ ಎಲ್ಲ ಸಲವೂ ಬರುತ್ತಿರಲಿಲ್ಲ.

ಅಕ್ಕನ ಬೂಟು ಅವನೇ ಹೊಲಿದದ್ದು. ಮೆತ್ತನೆಯ ಚರ್ಮ, ಒಳಗೆ ದಪ್ಪನೆಯ ಹಾಸು, ಬೆರಳು ಒತ್ತದಂತೆ ಅಗಲ ಮೂತಿ. ದಿನವಿಡೀ ನಿಂತು ಇಸ್ತ್ರಿ ಮಾಡುವವಳಿಗೆ ಹಿಮ್ಮಡಿ ಬೇಗ ಸವೆಯುತ್ತಿತ್ತು. ಅಂದು ಬೆಳಿಗ್ಗೆ ನಡಿಗೆ ಮುಗಿದ ಮೇಲೆ ಅವಳು ಅಂಗಡಿಗೇ ಬಂದಳು. ಹೊಸ ಹಿಮ್ಮಡಿ ಇಟ್ಟು ಏಳು ಮೊಳೆ ಹೊಡೆದ. ಒಳಗೆ ಕೈ ಹಾಕಿ ಮೂರು ಸಲ ಸವರಿದ. "ರಾಣಿಯವರು ಪಾದ ಬೆಳೆಸಬೇಕು" ಎಂದು ತಾನೇ ಕಾಲಿಗೆ ತೊಡಿಸಿದ. ಅಕ್ಕ ಅವನ ತಲೆಗೊಂದು ಮೊಟಕಿ ನಗುತ್ತ ಹೋದಳು.

ಮುಂದಿನ ಹತ್ತು ದಿನ ಅವಳು ಎಂದಿಗಿಂತ ಹೆಚ್ಚು ನಕ್ಕಳು. "ಇನ್ನೊಂದು ಕಥೆ ಹೇಳೋ" ಎಂದು ತಾನಾಗಿ ಕೇಳಿದಳು. ನಾಲ್ಕು ಸುತ್ತಿನಲ್ಲಿ ಒಂದನ್ನೂ ಬಿಡಲಿಲ್ಲ, ಕುಂಟಲೂ ಇಲ್ಲ. ಹನ್ನೊಂದನೆಯ ದಿನ ನಡಿಗೆಗೆ ಬರಲಿಲ್ಲ. ಹೆಂಡತಿಯನ್ನು ಕರೆದುಕೊಂಡು ತಮ್ಮ ಹೋಗಿ ನೋಡಿದರೆ ಹಾಸಿಗೆಯಲ್ಲಿ ಬೆಂಕಿಯಂಥ ಜ್ವರ. ಹೊದಿಕೆ ಸರಿಸಿದ ಹೆಂಡತಿ ಮೂಗು ಮುಚ್ಚಿಕೊಂಡು ಹಿಂದೆ ಸರಿದಳು. ಬಲಗಾಲು ಮೊಣಕಾಲಿನ ಹತ್ತಿರದವರೆಗೂ ಕೆಂಪಗೆ ಊದಿಕೊಂಡಿತ್ತು, ಹಿಮ್ಮಡಿ ಕಪ್ಪಾಗಿತ್ತು.

"ಮೈದಾನದಲ್ಲಿ ಗಾಜು ಚುಚ್ಚಿತು" ಎಂದಳು ಅಕ್ಕ. ಆಸ್ಪತ್ರೆಯಲ್ಲಿ ಕೇಳಿದವರಿಗೆಲ್ಲ ಅದನ್ನೇ ಹೇಳಿದಳು.

ಡಾಕ್ಟರು ಅವನನ್ನು ಹೊರಗೆ ಕರೆದು ಹೇಳಿದರು. ಪಾದದಲ್ಲಿ ಸ್ಪರ್ಶವೇ ಇಲ್ಲ, ಎರಡು ಮೂರು ವರ್ಷದಿಂದಲೇ ಇದ್ದಿರಲಿಕ್ಕಿಲ್ಲ. ನೋವಾಗದ ಗಾಯ, ಅದಕ್ಕೇ ಇಷ್ಟು ಬೆಳೆದಿದೆ. "ಹತ್ತು ದಿನ ಮೊದಲು ಬಂದಿದ್ರೆ ತೊಳೆದು ಪಟ್ಟಿ ಕಟ್ಟಿ ಕಳಿಸ್ತಿದ್ವಿ. ಈಗ ಕಾಲು ಉಳಿಸ್ತೀನಿ ಅಂದ್ರೆ ಜೀವ ಉಳಿಯಲ್ಲ." ಅವನು ಸಹಿ ಹಾಕಿದ. ಪೆನ್ನು ಹಿಡಿದದ್ದು ಬೆರಳಿಗೆ ಗೊತ್ತಾಗುತ್ತಿರಲಿಲ್ಲ. ಕಣ್ಣಿನಿಂದ ನೋಡಿ ನೋಡಿ ಹೆಸರು ಬರೆದ. ಮೊಣಕಾಲಿನ ಕೆಳಗೆ ಕತ್ತರಿಸಿದರು.

ಎಚ್ಚರವಾದ ಮೇಲೆ ಅಕ್ಕನೇ ಮೊದಲು ಮಾತಾಡಿದಳು. "ನಿನಗೆ ಕೆಲಸ ಅರ್ಧ ಆಯ್ತು ನೋಡೋ. ಇನ್ನು ಮೇಲೆ ಒಂದೇ ಬೂಟು." ವಾರ್ಡಿನವರೆಲ್ಲ ಇಂಥ ಗಟ್ಟಿಗಿತ್ತಿಯನ್ನು ಕಂಡೇ ಇಲ್ಲ ಎಂದರು. ಪಕ್ಕದ ಹಾಸಿಗೆಯವರಿಗೆ ಇವಳನ್ನು ತೋರಿಸಿ, ನೋಡಿ ಕಲೀರಿ ಎಂದು ನರ್ಸು ಹೇಳಿದಳು. ಹೊದಿಕೆ ಸರಿಮಾಡುತ್ತಿದ್ದ ಅವನು ಮಾತ್ರ ಆ ಮಾತಿಗೆ ನಗಲಿಲ್ಲ. ಎಂಟು ವರ್ಷದಲ್ಲಿ ಅದೇ ಮೊದಲು.

ಐದನೆಯ ದಿನ ನರ್ಸು ಒಂದು ಚೀಲ ಕೊಟ್ಟಳು. "ಇವರನ್ನ ಕರ್ಕೊಂಡು ಬಂದಾಗ ಇದ್ದ ಸಾಮಾನು." ಸೀರೆ, ಕನ್ನಡಕದ ಡಬ್ಬಿ, ಬೂಟು. ಅವನು ಚೀಲವನ್ನು ಅಂಗಡಿಗೆ ತಂದ. ಬಲಗಾಲಿನದನ್ನು ಏನು ಮಾಡಬೇಕು ಎಂದು ತಿಳಿಯದೆ ಸುಮ್ಮನೆ ತೊಡೆಯ ಮೇಲಿಟ್ಟುಕೊಂಡು ಕೂತ. ರಿಪೇರಿಗೆ ಬಂದ ಹೆಂಗಸೊಬ್ಬಳು ಎದುರಿಗಿನ ಸ್ಟೂಲಿನಲ್ಲಿ ಕಾಯುತ್ತಿದ್ದಳು. ಅಭ್ಯಾಸಬಲದಿಂದ ಅವನ ಕೈ ಬೂಟಿನೊಳಗೆ ಹೋಯಿತು. ಏನೂ ತಿಳಿಯಲಿಲ್ಲ. ಆಮೇಲೆ ಬಗ್ಗಿ ಕಣ್ಣಿಟ್ಟು ನೋಡಿದ.

ಹಿಮ್ಮಡಿಯ ಜಾಗದಲ್ಲಿ, ಒಳಹಾಸಿನ ಮೇಲೆ ಒಂದು ತುಂಡು ಬಟ್ಟೆ ಅಂಟಿಸಿತ್ತು. ಅಂಗೈಯ ಅರ್ಧದಷ್ಟು ಅಗಲ. ನಾಲ್ಕೂ ಅಂಚುಗಳನ್ನು ಒಳಮಡಿಸಿ, ಇಸ್ತ್ರಿ ಮಾಡಿ, ಕತ್ತಿಯಲ್ಲಿ ಕೊಯ್ದಂತೆ ಚೌಕ ಮಾಡಿತ್ತು. ನಡುವೆ ಕಂದು ಕಲೆ. ಇಡೀ ಊರಿನಲ್ಲಿ ಬಟ್ಟೆಯನ್ನು ಹಾಗೆ ಮಡಿಸುವವರು ಒಬ್ಬರೇ.

ಅವನು ಉಳಿಯ ತುದಿಯಿಂದ ಬಟ್ಟೆ ಎಬ್ಬಿಸಿದ. ಕೆಳಗೆ ಮೊಳೆ. ತಾನು ಹೊಡೆದ ಏಳರಲ್ಲಿ ಒಂದು, ಅಕ್ಕಿಕಾಳಿನಷ್ಟು ಮೇಲೆದ್ದದ್ದು. ಆದರೆ ಈಗ ಅದು ನೆಟ್ಟಗಿರಲಿಲ್ಲ. ಯಾರೋ ಚಮಚದ ಹಿಡಿಯನ್ನೋ ಏನನ್ನೋ ಇಟ್ಟು ಕುಟ್ಟಿ ಪಕ್ಕಕ್ಕೆ ಬಗ್ಗಿಸಿದ್ದರು. ಸುತ್ತಲೂ ಹಾಸಿನ ಮೇಲೆ ಗುರಿ ತಪ್ಪಿದ ಪೆಟ್ಟುಗಳ ಗುಳಿ. ಕಸುಬಿನವರ ಪೆಟ್ಟಲ್ಲ ಅದು. ಬೂಟು ಕೆಲಸ ಗೊತ್ತಿಲ್ಲದ ಕೈ, ಸಿಟ್ಟಿಲ್ಲದೆ, ಹತ್ತು ಹದಿನೈದು ಸಲ ನಿಧಾನಕ್ಕೆ ಕುಟ್ಟಿದ ಪೆಟ್ಟು.

ಗಾಜಲ್ಲ. ತನ್ನ ಮೊಳೆ. ಅದು ಅವಳಿಗೆ ಗೊತ್ತಿತ್ತು.

"ಏನಾಯ್ತು ಮೇಸ್ತ್ರಿ, ನನ್ನ ಚಪ್ಪಲಿ ಆಯ್ತಾ?" ಎಂದಳು ಕಾಯುತ್ತಿದ್ದವಳು. ಅವನು ಎದ್ದ ರಭಸಕ್ಕೆ ತಲೆ ಮೆಟ್ಟಿಲಿಗೆ ಬಡಿಯಿತು. "ನಾಳೆ ಬನ್ನಿ ತಾಯಿ, ಬೇರೆಯವರ ಹತ್ರ ಮಾಡಿಸಿ, ನನ್ನ ಹತ್ರ ಬೇಡ" ಎಂದು ಏನೇನೋ ಹೇಳಿ ಬಾಗಿಲೆಳೆದು ಹೊರಟುಬಿಟ್ಟ.

ಆಸ್ಪತ್ರೆಯಲ್ಲಿ ಅಕ್ಕ ದಿಂಬಿಗೆ ಒರಗಿ ಕೂತು ಟವೆಲ್ಲು ಮಡಿಸುತ್ತಿದ್ದಳು. ಅವನ ಮುಖ ನೋಡಿ ಕೈ ನಿಲ್ಲಿಸಿದಳು.

"ಅಕ್ಕಾ, ಗಾಜಲ್ಲ."

"ಗಾಜೇ ಕಣೋ."

"ಬೂಟು ನೋಡ್ದೆ."

ಅವಳು ಟವೆಲ್ಲಿನ ಅಂಚನ್ನು ಉಗುರಿನಿಂದ ತೀಡಿದಳು.

"ನಿನಗೆ ಯಾವಾಗ ಗೊತ್ತಾಯ್ತು?" ಎಂದ.

"ಅವತ್ತು ಸಂಜೇನೇ. ಕಾಲುಚೀಲದಲ್ಲಿ ರಕ್ತ ಇತ್ತು. ಬೂಟೊಳಗೆ ಕೈ ಹಾಕಿದ್ರೆ ಸಿಕ್ತು."

"ಅವತ್ತೇ ಗೊತ್ತಾಗಿ ಹತ್ತು ದಿನ... ಅಕ್ಕಾ, ಹತ್ತು ದಿನ ನನ್ನ ಪಕ್ಕದಲ್ಲೇ ನಡೆದ್ಯಲ್ಲ! ಒಂದು ಮಾತು ಹೇಳ್ಬಾರ್ದಿತ್ತಾ?"

"ಆಸ್ಪತ್ರೆಗೆ ಬಂದ್ರೆ ಏನು ಚುಚ್ಚಿತು ಅಂತ ಕೇಳ್ತಾರೆ. ಮೊಳೆ ಅಂದ್ರೆ ಯಾರ ಮೊಳೆ ಅಂತ ನಿನಗೆ ಗೊತ್ತಾಗುತ್ತೆ. ಮುಲಾಮು ಹಚ್ಚಿದ್ರೆ ಒಣಗುತ್ತೆ ಅಂದ್ಕೊಂಡೆ. ನೋವೇ ಇರ್ಲಿಲ್ಲ ಕಣೋ." ಅವಳ ದನಿ ಇಳಿಯಿತು. "ನಿನಗೆ ಗೊತ್ತಾಗಿದ್ರೆ ನೀನು ನಗೋದು ಬಿಟ್ಬಿಡ್ತಿದ್ದೆ ಪುಟ್ಟಾ. ನೀನು ನಗ್ತೀಯ ಅಂತಾನೇ ನಾನು ಬೆಳಿಗ್ಗೆ ಏಳ್ತಿದ್ದದ್ದು."

ಅವನು ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕುಸಿದು ಕೂತ. ನಾನು ನಕ್ಕದ್ದೂ ನೀನು ಏಳಲೆಂದೇ ಎಂದು ಹೇಳಬೇಕೆಂದುಕೊಂಡ. ಹೇಳುವ ಬದಲು ಎರಡೂ ಕೈಗಳನ್ನು ಅವಳ ಮುಂದೆ ಚಾಚಿದ. "ಒಂದು ವರ್ಷ ಆಯ್ತು. ಬೆರಳಿಗೆ ಏನೂ ಗೊತ್ತಾಗಲ್ಲ ಅಕ್ಕಾ. ಗೊತ್ತಿದ್ದೂ ನಿನ್ನ ಬೂಟೊಳಗೆ ಕೈ ಹಾಕಿ, ಸರಿ ಇದೆ ಅಂದೆ."

ಅಕ್ಕ ಒಂದೊಂದೇ ಬೆರಳನ್ನು ಹಿಡಿದು ತುದಿ ಹಿಚುಕಿದಳು. "ಇದು?" "ಇಲ್ಲ." "ಇದು?" "ಇಲ್ಲ." "ಇದೂನೂ?" ಹತ್ತು ಬೆರಳು ಮುಗಿಯುವ ಹೊತ್ತಿಗೆ ಅವಳು ಎಷ್ಟೋ ವರ್ಷದಿಂದ ಅದುಮಿಟ್ಟ ಸಿಟ್ಟೆಲ್ಲ ಒಮ್ಮೆಗೇ ಹೊರಬಿತ್ತು. "ನಿನ್ನ ಕಾನೂನಿಗೆ ಬೆಂಕಿ ಬೀಳ! ಒಂದು ಸಲ ಹೇಳಿದ್ರೆ ನಾನು ನಿನ್ನ ಜೊತೆ ನೂರು ಸುತ್ತು ಹಾಕ್ತಿದ್ನಲ್ಲೋ!" ಎಂದು ಅವನ ಕೈಗಳಿಂದಲೇ ತನ್ನ ಮುಖಕ್ಕೆ ಬಡಿದುಕೊಂಡಳು. ಅವನು ಏನಾದರೂ ತಮಾಷೆ ಹೇಳಿ ಸಮಾಧಾನ ಮಾಡಲು ಬಾಯಿ ತೆರೆದ. "ಬೇಡ, ಇವತ್ತು ಬೇಡ" ಎಂದಳು. ಗಟ್ಟಿಗಿತ್ತಿ ಎಂದು ಹೊಗಳಿದ್ದ ನರ್ಸು ಬಾಗಿಲಲ್ಲಿ ಬಂದು ನೋಡಿ ಹಾಗೆಯೇ ಹಿಂದೆ ಹೋದಳು.

ಮಾರನೆಯ ದಿನ ಅವನು ಡಾಕ್ಟರ ಮುಂದೆ ಕೂತು ಇದ್ದದ್ದನ್ನೆಲ್ಲ ಹೇಳಿದ. ಅಕ್ಕ ಗಾಲಿಕುರ್ಚಿಯಲ್ಲಿ ಪಕ್ಕದಲ್ಲೇ ಇದ್ದಳು. ಅವನು ತಡವರಿಸಿದಲ್ಲಿ "ಪೂರ್ತಿ ಹೇಳು" ಎಂದು ತಿವಿದಳು. ಕಣ್ಣು ಮುಚ್ಚಿಸಿ ಕೈಗೂ ಕಾಲಿಗೂ ಸಣ್ಣ ಎಳೆಯೊಂದನ್ನು ತಾಗಿಸಿ ಡಾಕ್ಟರು ಕೇಳುತ್ತ ಹೋದರು. ಪಾದದಲ್ಲೂ ಸ್ಪರ್ಶ ಹೋಗಿತ್ತು. ಮೊಳೆ ಹೊಡೆಯುವ ಕೆಲಸ ಬಿಡಿ ಎಂದರು. ಹೋದದ್ದು ವಾಪಸು ಬರುವುದು ಕಷ್ಟ, ಇದ್ದದ್ದನ್ನು ಕಾಪಾಡಿಕೊಳ್ಳಿ ಎಂದರು. ನಿಮ್ಮ ಅಂಗಾಲು ನಿಮಗೆ ಸರಿಯಾಗಿ ಕಾಣಲ್ಲ, ದಿನಾ ಮನೆಯಲ್ಲಿ ಯಾರಾದರೂ ನೋಡಬೇಕು ಎಂದರು.

"ನಾನು ನೋಡ್ತೀನಿ" ಎಂದಳು ಅಕ್ಕ.

ಅಂಗಡಿಯಲ್ಲಿ ಈಗ ಅವನು ಬರಿಯ ಪಾಲಿಶ್ ಮಾಡುತ್ತಾನೆ, ದಾರ ಬಿಚ್ಚಿದ್ದನ್ನು ಕಣ್ಣಿಂದ ನೋಡಿ ಹೊಲಿಯುತ್ತಾನೆ. ಹಿಮ್ಮಡಿ ಹೊಡೆಸಲು ಬಂದವರನ್ನು ಆಚೆ ಬೀದಿಯವನ ಹತ್ತಿರ ಕಳಿಸುತ್ತಾನೆ. ಯಾಕೆ ಎಂದು ಕೇಳಿದವರಿಗೆ ಕಾರಣ ಹೇಳುತ್ತಾನೆ. ನಗೆಮೇಸ್ತ್ರಿಗೆ ಏನಾಯಿತೋ, ಬರೀ ಕಾಯಿಲೆ ಮಾತಾಡುತ್ತಾನೆ ಎಂದು ವಕೀಲರು ಬೇಸರಪಟ್ಟುಕೊಂಡರು. ಪಟ್ಟುಕೊಳ್ಳಲಿ.

ಅಕ್ಕನನ್ನು ಅವನ ಹೆಂಡತಿ ತಮ್ಮ ಮನೆಗೇ ಕರೆತಂದಳು. ಮೊದಲ ಸಂಜೆ ಅಕ್ಕ ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡು, ಅವನನ್ನು ಎದುರಿಗೆ ಕೂರಿಸಿ, ಅವನ ಕಾಲುಗಳನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡಳು. ಕನ್ನಡಕ ಹಾಕಿಕೊಂಡು ಬೆರಳುಗಳ ಸಂದು ಬಿಡಿಸಿ ನೋಡಿದಳು, ಅಂಗಾಲು ನೋಡಿದಳು, ಹಿಮ್ಮಡಿಯನ್ನು ಬೆಳಕಿಗೆ ತಿರುಗಿಸಿ ಮತ್ತೆ ಮತ್ತೆ ನೋಡಿದಳು.

"ಎರಡೂ ಚೆನ್ನಾಗಿವೆ ಕಣೋ" ಎಂದಳು. ಹಾಗೆಂದವಳು ಕನ್ನಡಕ ತೆಗೆದು ತಲೆ ಬಗ್ಗಿಸಿಬಿಟ್ಟಳು. ಕಣ್ಣೀರು ಅವನ ಪಾದದ ಮೇಲೆ, ಹೆಬ್ಬೆರಳ ಪಕ್ಕದಲ್ಲಿ ತೊಟ್ಟಿಕ್ಕಿತು. ಅವನು ಅದನ್ನು ನೋಡುತ್ತ ಕೂತ. ಒಂದು ಹನಿ, ಇನ್ನೊಂದು ಹನಿ.

"ಅಕ್ಕಾ, ನೀನು ಅಳ್ತಿರೋದು ಕಾಲಿಗೆ ಗೊತ್ತಾಗ್ತಿಲ್ಲ" ಎಂದ.

"ಗೊತ್ತು" ಎಂದಳು ಅಕ್ಕ. ಸೆರಗಿನಿಂದ ಪಾದ ಒರೆಸಿದಳು.